ಮನೆಯ ಕುಂಬಳಕಾಯಿ ಮಳೆಗಾಲದವರೆಗೆ ಉಳಿಯಬೇಕಾದರೆ...

ಮುಂಗಾರು ಮಳೆಗೆ ಇನ್ನು ಕೆಲವೇ ವಾರಗಳು ಉಳಿದಿವೆ. ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲೋ ಹಿತ್ತಲಲ್ಲೋ ನಾವು ಹಾಕಿದ ಚೀನಿಕಾಯಿ, ಬೂದುಕುಂಬಳ, ಮಂಗಳೂರು ಸೌತೆಯ ಬಳ್ಳಿಗಳು ಈಗ ಒಣಗತೊಡಗಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ಪೇಟೆಯಲ್ಲಿ ತರಕಾರಿಯ ಬೆಲೆ ಏರುವುದು ನಮಗೆಲ್ಲರಿಗೂ ತಿಳಿದದ್ದೇ. ನಮ್ಮ ಹಿರಿಯರು ಆ ದಿನಗಳನ್ನು ಅಟ್ಟದಲ್ಲಿ ತೂಗುಹಾಕಿದ ಕಾಯಿಗಳಿಂದಲೇ ಕಳೆಯುತ್ತಿದ್ದರು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನ ಊಟಕ್ಕೂ ಒಂದು ಬೂದುಕುಂಬಳ ಉಳಿದಿರುತ್ತಿತ್ತು.

ಆದರೆ ಇಂದು ಅನೇಕ ಮನೆಗಳಲ್ಲಿ ಬೆಳೆದ ಕಾಯಿ ಜುಲೈ ಮುಗಿಯುವ ಮೊದಲೇ ಕೊಳೆತು ಗೊಬ್ಬರದ ಗುಂಡಿ ಸೇರುತ್ತದೆ. ಕಳೆದ ವರ್ಷ ನಮ್ಮ ಮನೆಯಲ್ಲೂ ಹೀಗೇ ಆಯಿತು. ಮಳೆಯನ್ನು ದೂರಿದೆವು. ವಿಚಾರಿಸಿ ನೋಡಿದಾಗ ತಪ್ಪು ನಮ್ಮ ಕೈಯದ್ದೇ ಆಗಿತ್ತು. ಕಾಯಿಗಳನ್ನು ತಿರುಚಿ ಕಿತ್ತಿದ್ದೆವು, ತೊಟ್ಟು ಹಿಡಿದು ಹೊತ್ತಿದ್ದೆವು, ಸಿಮೆಂಟು ನೆಲದ ಮೇಲೆ ರಾಶಿ ಹಾಕಿದ್ದೆವು.

ಬಲಿತದ್ದನ್ನು ಗುರುತಿಸುವುದು

ಎಳೆಯ ಕಾಯಿ ಎಷ್ಟು ಜಾಗ್ರತೆ ಮಾಡಿದರೂ ಉಳಿಯುವುದಿಲ್ಲ. ಚೀನಿಕಾಯಿಯ ತೊಟ್ಟು ಹಸಿರು ಬಿಟ್ಟು ಒಣಗಿ ಗಟ್ಟಿಯಾಗಬೇಕು. ಉಗುರಿನಿಂದ ಒತ್ತಿದರೆ ಸಿಪ್ಪೆಯ ಮೇಲೆ ಗುರುತು ಬೀಳಬಾರದು. ಬೂದುಕುಂಬಳದ ಮೈಮೇಲಿನ ರೋಮ ಉದುರಿ ಬಿಳಿ ಬೂದಿ ಪೂರ್ತಿ ಹರಡಿರಬೇಕು. ಮಂಗಳೂರು ಸೌತೆಯ ಹಸಿರು ಮಾಸಿ ಹಳದಿ ಅಥವಾ ಕಿತ್ತಳೆ ಬಣ್ಣ ಬಂದಿರಬೇಕು.

ಕೊಯ್ಯುವ ಕ್ರಮ

ಕೊಯ್ಯುವುದಕ್ಕೆ ಒಂದು ವಾರ ಮೊದಲೇ ನೀರು ಹಾಕುವುದನ್ನು ನಿಲ್ಲಿಸುವುದು ಒಳ್ಳೆಯದು. ಬಿಸಿಲಿರುವ ದಿನ, ಇಬ್ಬನಿ ಆರಿದ ಮೇಲೆ, ಹರಿತವಾದ ಕತ್ತಿಯಿಂದ ಎರಡು ಮೂರು ಇಂಚು ತೊಟ್ಟು ಬಿಟ್ಟು ಕತ್ತರಿಸಬೇಕು. ತೊಟ್ಟು ಕಿತ್ತುಹೋದ ಜಾಗವೇ ಕೊಳೆರೋಗಕ್ಕೆ ತೆರೆದ ಬಾಗಿಲು. ಕಾಯಿಯನ್ನು ತೊಟ್ಟಿನಿಂದ ಎತ್ತದೆ ಎರಡೂ ಕೈಗಳಿಂದ ಅಡಿಯಲ್ಲಿ ಹಿಡಿದು ಎತ್ತಬೇಕು. ಒಮ್ಮೆ ನೆಲಕ್ಕೆ ಬಿದ್ದ ಕಾಯಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜಜ್ಜಿಹೋಗಿರುತ್ತದೆ. ಅದನ್ನು ಅದೇ ವಾರ ಅಡುಗೆಗೆ ಬಳಸಿಕೊಳ್ಳಿರಿ.

ತೊಳೆಯಬಾರದು. ಮಣ್ಣಿದ್ದರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬೂದುಕುಂಬಳವನ್ನಂತೂ ಒರೆಸಲೇಬಾರದು. ಆ ಬಿಳಿ ಬೂದಿ ನಿಜವಾಗಿ ಮೇಣದ ಪದರ. ಒಳಗಿನ ನೀರು ಆರದಂತೆ ಕಾಯಿಯನ್ನು ಕಾಯುವುದು ಅದೇ.

ಹತ್ತು ದಿನದ ವಿಶ್ರಾಂತಿ

ಕೊಯ್ದ ಚೀನಿಕಾಯಿಯನ್ನು ಕೂಡಲೇ ಒಳಗೆ ತುಂಬಿಸಿಡಬಾರದು. ಗಾಳಿಯಾಡುವ ಜಗಲಿಯ ನೆರಳಿನಲ್ಲಿ, ಒಂದಕ್ಕೊಂದು ತಾಗದಂತೆ, ಸುಮಾರು 10 ದಿನ ಇಡಬೇಕು. ಇದರಿಂದ ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣ ಗೀರುಗಳು ಮಾಯುತ್ತವೆ. ಇದಕ್ಕೆ ಬೇಕಾದ 27ರಿಂದ 29 ಡಿಗ್ರಿ ಬಿಸಿಯನ್ನು ಚಳಿ ದೇಶಗಳ ರೈತರು ಕೋಣೆ ಕಾಯಿಸಿ ಒದಗಿಸಬೇಕಾಗುತ್ತದೆ. ಕರಾವಳಿಯ ನಮಗೆ ಬೇಸಿಗೆಯಲ್ಲಿ ಅದು ಪುಕ್ಕಟೆ. ನೇರ ಬಿಸಿಲು ಮಾತ್ರ ಬೇಡ.

ತೂಗುಹಾಕುವುದೇಕೆ?

ಮಳೆಗಾಲದಲ್ಲಿ ನಮ್ಮ ಶತ್ರು ತೇವ. ನೆಲದ ಮೇಲಿಟ್ಟ ಕಾಯಿಯ ಅಡಿಭಾಗಕ್ಕೆ ಗಾಳಿ ತಾಗುವುದಿಲ್ಲ, ಅಲ್ಲೇ ಬೂಸ್ಟು ಹಿಡಿಯುತ್ತದೆ. ಅದಕ್ಕಾಗಿಯೇ ಹಿರಿಯರು ಬಾಳೆಯ ನಾರಿನಿಂದ ಬಲೆಯಂತೆ ಹೆಣೆದು ಕಾಯಿಗಳನ್ನು ಮಾಡಿನ ಪಕ್ಕಾಸಿಗೆ ಕಟ್ಟುತ್ತಿದ್ದರು. ಒಲೆಯ ಬಿಸಿ ಮತ್ತು ಹೊಗೆ ತೇವವನ್ನು ದೂರವಿಡುತ್ತಿತ್ತು.

ಈಗ ಹಂಚಿನ ಮಾಡು ಹೋಗಿ ಸ್ಲ್ಯಾಬಿನ ಮನೆಗಳು ಬಂದಿವೆ, ಒಲೆಯ ಜಾಗದಲ್ಲಿ ಗ್ಯಾಸ್ ಇದೆ. ಆದರೂ ದಾರಿ ಇಲ್ಲದಿಲ್ಲ. ಮಳೆಯ ಎರಚಲು ಬಾರದ ಸಿಟೌಟಿನಲ್ಲಿ ಅಥವಾ ಮೆಟ್ಟಿಲಿನ ಕೆಳಗೆ ಒಂದು ಕಬ್ಬಿಣದ ಸರಳು ಕಟ್ಟಿ, ಈರುಳ್ಳಿ ಬರುವ ಬಲೆಚೀಲದಲ್ಲಿ ಒಂದೊಂದೇ ಕಾಯಿ ಹಾಕಿ ತೂಗಿಸಬಹುದು. ಅದೂ ಆಗದಿದ್ದರೆ ಮರದ ಪಟ್ಟಿಗಳ ಮೇಲೆ ಒಂದೇ ಸಾಲಿನಲ್ಲಿ ಇಡಬಹುದು. ಪಕ್ಕದಲ್ಲಿ ಹಣ್ಣಾಗುವ ಬಾಳೆಗೊನೆ ಇರಬಾರದು, ಅದರಿಂದ ಹೊರಡುವ ಅನಿಲ ಈ ಕಾಯಿಗಳನ್ನೂ ಬೇಗ ಕೆಡಿಸುತ್ತದೆ. ಇಡೀ ಕಾಯಿಯನ್ನು ಫ್ರಿಜ್‌ನಲ್ಲಿ ಇಡುವುದೂ ತಪ್ಪು. 10 ಡಿಗ್ರಿಗಿಂತ ತಣ್ಣಗಾದರೆ ಅದು ಒಳಗಿನಿಂದ ಕೆಡುತ್ತದೆ. ಫ್ರಿಜ್ ಬೇಕಾಗುವುದು ಕತ್ತರಿಸಿದ ಮೇಲೆ. ಬೀಜ, ತಿರುಳು ತೆಗೆದಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಿರಿ.

ವಾರಕ್ಕೊಮ್ಮೆ ನೋಡಿರಿ

ವಾರಕ್ಕೊಮ್ಮೆ ಪ್ರತಿಯೊಂದು ಕಾಯಿಯನ್ನೂ ಮುಟ್ಟಿ ನೋಡಬೇಕು. ಮೆತ್ತಗಾದದ್ದನ್ನು, ನೀರು ಒಸರುವುದನ್ನು ಕೂಡಲೇ ತೆಗೆಯಬೇಕು. ಹಣ್ಣುನೊಣ ಚುಚ್ಚಿ ಹುಳ ಬಿದ್ದ ಕಾಯಿಗಳನ್ನು ಹಿತ್ತಲಿಗೆ ಎಸೆಯದೆ ಆಳವಾಗಿ ಹೂಳಿರಿ, ಇಲ್ಲದಿದ್ದರೆ ಮುಂದಿನ ಬೆಳೆಗೂ ಅದೇ ಕಾಟ. ಮೊದಲು ಗೀರು ಬಿದ್ದವು, ನಂತರ ಸೌತೆ ಮತ್ತು ಚೀನಿಕಾಯಿ, ಕೊನೆಗೆ ಬೂದುಕುಂಬಳ - ಇದು ಬಳಸುವ ಕ್ರಮ. ಚೆನ್ನಾಗಿ ಬಲಿತ ಚೀನಿಕಾಯಿ ಎರಡು ಮೂರು ತಿಂಗಳು ಬಂದರೆ, ಬೂದುಕುಂಬಳ ನಾಲ್ಕು ತಿಂಗಳು ದಾಟುತ್ತದೆ.

ಒಂದು ಎಚ್ಚರಿಕೆ: ಕತ್ತರಿಸಿದಾಗ ಚಿಕ್ಕ ತುಂಡನ್ನು ನಾಲಿಗೆಗೆ ಮುಟ್ಟಿಸಿ ನೋಡಿರಿ. ಕಹಿಯಾಗಿದ್ದರೆ ಉಗುಳಿ, ಆ ಕಾಯಿಯನ್ನೇ ಬಿಟ್ಟುಬಿಡಿ. ಕಹಿಗೆ ಕಾರಣವಾದ ಕುಕರ್ಬಿಟಾಸಿನ್ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ.

ಕೊಡುವಾಗಲೂ ನೆನಪಿರಲಿ

ಚರ್ಚಿನ ಹಬ್ಬದ ಹೊರೆಕಾಣಿಕೆಗೆ, ವೃದ್ಧಾಶ್ರಮ ಅನಾಥಾಶ್ರಮಗಳ ಅಡುಗೆಮನೆಗೆ ನಾವು ಕುಂಬಳ, ಸೌತೆ ಕೊಡುವುದುಂಟು. ಅಲ್ಲಿ ಎಲ್ಲವೂ ಒಂದೇ ರಾಶಿಯಲ್ಲಿ ಸೇರುತ್ತದೆ. ತೊಟ್ಟಿಲ್ಲದ, ಪೆಟ್ಟಾದ ಒಂದು ಕಾಯಿ ಬೇರೆಯವರು ತಂದ ಹತ್ತು ಕಾಯಿಗಳನ್ನೂ ಕೆಡಿಸಬಲ್ಲದು. ಆದ್ದರಿಂದ ಕೊಡುವುದಾದರೆ ತೊಟ್ಟಿರುವ, ಬಲಿತ ಕಾಯಿಯನ್ನೇ ಕೊಡೋಣ. ಸ್ವೀಕರಿಸುವ ಸ್ವಯಂಸೇವಕರು ಪೆಟ್ಟಾದವುಗಳನ್ನು ಅಂದೇ ಬೇರ್ಪಡಿಸಿ ಮೊದಲು ಅಡುಗೆಗೆ ಕೊಡಲಿ.

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚು ಕಾಲ ಉಳಿದ ಕಾಯಿಯ ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಿ ಎತ್ತಿಡಿರಿ. ಒಂದು ಹಿಡಿ ನೆರೆಮನೆಗೂ ಕೊಡಿರಿ. ನಮ್ಮ ಬಿತ್ತನೆ ತಪ್ಪಿಹೋದ ವರ್ಷ ಆ ಮನೆಯಿಂದಲೇ ಬೀಜ ಮರಳಿ ಬಂದೀತು.