ಪ್ರಶ್ನಿಸುವ ಗಣಕಕ್ಕೆ ಉತ್ತರಿಸುವ ತಂತ್ರಾಂಶ: ಮೂರು ಮುಕ್ತ ಸಾಧನಗಳ ತೌಲನಿಕ ಪರಿಶೀಲನೆ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ತೆರೆದ ನಗರಗಳಲ್ಲಿ ಮುಂಬಯಿಯೂ ಒಂದು. ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ದೊರೆಯುತ್ತಿದ್ದುದು ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಪರದೆ. ದೂರವಾಣಿ ಸಂಪರ್ಕವೇರ್ಪಟ್ಟೊಡನೆ ಅತ್ತಣ ಗಣಕವು ಹೆಸರನ್ನೂ ಅನಂತರ ಗುಪ್ತಪದವನ್ನೂ ಕೇಳುತ್ತಿತ್ತು. ಇಂತಹ ಪ್ರಶ್ನೋತ್ತರವನ್ನು ಮನುಷ್ಯನ ನೆರವಿಲ್ಲದೆ ನಡೆಸುವ ಸಾಧನಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅತ್ಯಂತ ಸರಳವಾದುದು 'ಚಾಟ್'. ಇದರ ಲಿಪಿಯೆಂದರೆ ನಿರೀಕ್ಷಿಸಬೇಕಾದ ಪದ, ಕಳುಹಿಸಬೇಕಾದ ಉತ್ತರ ಎಂಬ ಜೋಡಿಗಳ ಸಾಲು. 'ಲಾಗಿನ್' ಎಂಬ ಇಂಗ್ಲಿಷ್ ಪದದ ಮೊದಲಕ್ಷರವನ್ನು ಕೈಬಿಟ್ಟು ಉಳಿದ ನಾಲ್ಕಕ್ಷರಗಳಿಗಷ್ಟೇ ಕಾಯುವುದು ಇದರಲ್ಲಿ ರೂಢಿ. ಮೊದಲಕ್ಷರ ದೊಡ್ಡದಿರಲಿ ಚಿಕ್ಕದಿರಲಿ ಕೆಲಸ ಕೆಡದು. ಆದರೆ ಮೋಡೆಮ್ ಸಂಪರ್ಕದಾಚೆಗೆ ಇದರ ಉಪಯೋಗ ಅಲ್ಪ.

ಡಾನ್ ಲೈಬ್ಸ್ 1990ರಲ್ಲಿ ಪ್ರಕಟಪಡಿಸಿದ 'ಎಕ್ಸ್‌ಪೆಕ್ಟ್' ಈ ಮಿತಿಯನ್ನು ದಾಟಿತು. ಟಿಕಲ್ ಭಾಷೆಯನ್ನಾಧರಿಸಿದ ಇದು ಕೃತಕ ಟರ್ಮಿನಲ್ಲೊಂದನ್ನು ನಿರ್ಮಿಸುತ್ತದೆ. ಗುಪ್ತಪದವನ್ನು ಕೇಳುವ ಅನೇಕ ತಂತ್ರಾಂಶಗಳು ಅದನ್ನು ಟರ್ಮಿನಲ್ಲಿನಿಂದಲೇ ನೇರವಾಗಿ ಓದುವುದರಿಂದ ಈ ಉಪಾಯ ಅನಿವಾರ್ಯ. ಅದೇ ಕ್ರಮವನ್ನು ಪೈಥಾನ್ ಭಾಷೆಗೆ ತಂದುದು 'ಪಿ-ಎಕ್ಸ್‌ಪೆಕ್ಟ್'.

ನಿಜವಾದ ಅಂತರ ಗೋಚರಿಸುವುದು ನಿರೀಕ್ಷಿತ ಪ್ರಶ್ನೆ ಬಾರದಿದ್ದಾಗ. ಚಾಟ್ ವಿಫಲತೆಯನ್ನು ಸೂಚಿಸಿ ನಿಲ್ಲುತ್ತದೆ. ಪಿ-ಎಕ್ಸ್‌ಪೆಕ್ಟ್, ಬೇರೆ ಅವಧಿಯನ್ನು ವಿಧಿಸದಿದ್ದರೆ, 30 ಸೆಕೆಂಡು ಕಾದು ದೋಷವನ್ನು ಸಾರುತ್ತದೆ. ಎಕ್ಸ್‌ಪೆಕ್ಟ್ ಮಾತ್ರ 10 ಸೆಕೆಂಡು ಕಾದು, ಅವಧಿ ಮೀರಿದಾಗ ಮಾಡಬೇಕಾದುದನ್ನು ಬರೆದಿರದಿದ್ದಲ್ಲಿ, ಏನೂ ಆಗದಂತೆ ಮುಂದಿನ ಸಾಲಿಗೆ ಸಾಗುತ್ತದೆ! ಹಸ್ತಪ್ರತಿಯ ಪ್ರತಿಬಿಂಬಗಳನ್ನು ರಾತ್ರಿಯಿಡೀ ದೂರದ ಗಣಕಕ್ಕೆ ರವಾನಿಸುವ ಹೊರನಾಡಿನ ಸಂಶೋಧಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದು ಪ್ರಶ್ನೆಗೆಂದು ಸಿದ್ಧಪಡಿಸಿದ 'ಹೌದು', 'ಹಳೆಯ ಕಡತವನ್ನು ಅಳಿಸಲೇ?' ಎಂಬ ಇನ್ನೊಂದು ಪ್ರಶ್ನೆಗೆ ಸಂದರೆ ಕಡತ ಮರಳಿ ಬಾರದು.

ಕನ್ನಡಕ್ಕೆ ಸಂಬಂಧಿಸಿದ ತೊಡಕೂ ಒಂದುಂಟು. ಕಣ್ಣಿಗೆ ಒಂದೇ ಆಗಿ ತೋರುವ 'ಕ್ಷ', ಯುನಿಕೋಡಿನಲ್ಲಿ ಮೂರು ಸಂಕೇತಗಳು, ಯು.ಟಿ.ಎಫ್-8 ಕ್ರಮದಲ್ಲಿ 9 ಬೈಟುಗಳು. ಸಂಕೇತಕ್ರಮವನ್ನು ಮೊದಲೇ ಸೂಚಿಸದಿದ್ದರೆ ಪಿ-ಎಕ್ಸ್‌ಪೆಕ್ಟ್ ಅಕ್ಷರಗಳನ್ನಲ್ಲ, ಬೈಟುಗಳನ್ನು ಹಿಂದಿರುಗಿಸುತ್ತದೆ. ಸೂಚಿಸಲು ಒಂದೇ ಪದ ಸಾಕು. ಈ ಕಾರಣಗಳಿಂದ, ಹೊಸದಾಗಿ ಕಲಿಯುವವರಿಗೆ ಪಿ-ಎಕ್ಸ್‌ಪೆಕ್ಟ್ ಮೇಲೆಂದು ನನ್ನ ಅಭಿಪ್ರಾಯ. ಎಕ್ಸ್‌ಪೆಕ್ಟ್‌ನ ಹಳೆಯ ಲಿಪಿಗಳನ್ನು ಉಳಿಸಿಕೊಂಡವರು ಪ್ರತಿಯೊಂದು ನಿರೀಕ್ಷೆಗೂ ಅವಧಿ ಮೀರಿದಾಗಿನ ಆದೇಶವನ್ನು ಸೇರಿಸತಕ್ಕದ್ದು. ಗುಪ್ತಪದವನ್ನಂತೂ ಲಿಪಿಯೊಳಗೆ ಬರೆದಿಡಲಾಗದು, ಎಸ್.ಎಸ್.ಎಚ್. ಕೀಲಿಯನ್ನು ಬಳಸಿದರೆ ಆ ಪ್ರಶ್ನೆಯೇ ಬರುವುದಿಲ್ಲ.