ಕಿತ್ತುಹಾಕುವುದು ಸುಲಭ, ಬದಲಿಗೆ ಏನು? ಅಮೆರಿಕದ ಆರೋಗ್ಯ ವಿಮೆ ಜಗಳ ನಮಗೆ ಹೇಳುವ ಪಾಠ



ನಮ್ಮ ಆರೋಗ್ಯ ಮಾಲೆಯಲ್ಲಿ ಈ ಸಲ ಕಾಯಿಲೆಯ ಮಾತಿಲ್ಲ, ಕಾಯಿಲೆಯ ಬಿಲ್ಲಿನ ಮಾತು. ಸ್ವಲ್ಪ ಉದ್ದ ಇದೆ. ಮಧ್ಯಾಹ್ನ ಊಟ ಆದ ಮೇಲೆ ನಿಧಾನವಾಗಿ ಓದಿ.

ಮುಂಬೈ ಇರಲಿ, ಪುಣೆ ಇರಲಿ, ಹೈದರಾಬಾದ್ ಇರಲಿ, ನಮ್ಮ ಕನ್ನಡ ಮನೆಗಳಲ್ಲಿ ಒಬ್ಬ ಮಗನೋ ಸೊಸೆಯೋ ಅಣ್ಣನ ಮಗಳೋ ಅಮೆರಿಕದಲ್ಲಿ ಇದ್ದೇ ಇರುತ್ತಾರೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಮಗ ಕೆನ್ನೆ ಹಿಡಿದುಕೊಂಡು ಕೂತಿರುತ್ತಾನೆ. "ಹಲ್ಲು ನೋವಾದರೆ ಡಾಕ್ಟರ ಹತ್ರ ಹೋಗೋ" ಅಂದರೆ, "ಬೇಡಮ್ಮ, ಡಿಸೆಂಬರ್‌ನಲ್ಲಿ ಊರಿಗೆ ಬರ್ತೀನಲ್ಲ, ಅಲ್ಲೇ ತೋರಿಸ್ತೀನಿ" ಅನ್ನುತ್ತಾನೆ. ಕೈತುಂಬ ಸಂಬಳ ತರುವವನು ಹೀಗೇಕೆ ಹೇಳುತ್ತಾನೆ ಎಂದು ನಿಮಗೂ ಅನಿಸಿರಬಹುದು. ಅದಕ್ಕೆ ಉತ್ತರ ಆ ದೇಶದ ಆರೋಗ್ಯ ವಿಮೆಯಲ್ಲಿದೆ. ಆ ವಿಮೆಯ ಕಾನೂನನ್ನು ಇಟ್ಟುಕೊಳ್ಳಬೇಕೋ ತೆಗೆದುಹಾಕಬೇಕೋ ಎಂದು ಅಲ್ಲಿ ಹದಿನೈದು ವರ್ಷಗಳಿಂದ ಜಗಳ ನಡೆದಿದೆ. ಆ ಜಗಳ ಅರ್ಥವಾದರೆ ನಿಮ್ಮ ಮನೆಯ ಪಾಲಿಸಿಯೂ ಅರ್ಧ ಅರ್ಥವಾದಂತೆ.

*ಮೊದಲು ಅಲ್ಲಿ ಹೇಗಿತ್ತು?*

ಅಮೆರಿಕದಲ್ಲಿ ಎಲ್ಲರಿಗೂ ಒಂದೇ ಸರ್ಕಾರಿ ವಿಮೆ ಎಂಬುದಿಲ್ಲ. ಹೆಚ್ಚಿನವರಿಗೆ ಕೆಲಸ ಕೊಟ್ಟ ಕಂಪನಿಯಿಂದಲೇ ವಿಮೆ. 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಈ ಎರಡೂ 1965ರಲ್ಲಿ ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ ಬಂದವು.

ನಡುವೆ ಉಳಿದವರು ಯಾರು? ಸಣ್ಣ ಅಂಗಡಿ ನಡೆಸುವವರು, ಗುತ್ತಿಗೆ ಕೆಲಸದವರು, ಕೆಲಸ ಕಳೆದುಕೊಂಡವರು. ಅವರು ತಾವೇ ಹೋಗಿ ವಿಮೆ ಕೊಳ್ಳಬೇಕಿತ್ತು. ಹೆಚ್ಚಿನ ರಾಜ್ಯಗಳಲ್ಲಿ ವಿಮಾ ಕಂಪನಿ ಮೊದಲು ನಿಮ್ಮ ಕಾಯಿಲೆಯ ಚರಿತ್ರೆ ಕೇಳುತ್ತಿತ್ತು. ಸಕ್ಕರೆ ಕಾಯಿಲೆ ಇದೆಯೇ? ಹಿಂದೆ ಕ್ಯಾನ್ಸರ್ ಆಗಿತ್ತೇ? ಗರ್ಭಿಣಿಯೇ? ಹೌದು ಅಂದರೆ ಪಾಲಿಸಿ ಇಲ್ಲ, ಅಥವಾ ಆ ಕಾಯಿಲೆ ಬಿಟ್ಟು ಉಳಿದದ್ದಕ್ಕೆ ಮಾತ್ರ, ಅಥವಾ ಕಟ್ಟಲಾಗದಷ್ಟು ಪ್ರೀಮಿಯಂ. ವಿಮೆ ಯಾರಿಗೆ ಬೇಕೇ ಬೇಕೋ ಅವರಿಗೇ ಸಿಗುತ್ತಿರಲಿಲ್ಲ. 2010ರ ಹೊತ್ತಿಗೆ ಅಲ್ಲಿ 4.5 ಕೋಟಿಗೂ ಹೆಚ್ಚು ಜನರಿಗೆ ಯಾವ ವಿಮೆಯೂ ಇರಲಿಲ್ಲ.

*2010ರ ಕಾನೂನು ಏನು ಮಾಡಿತು?*

2010ರ ಮಾರ್ಚ್ 23ರಂದು ಬರಾಕ್ ಒಬಾಮಾ ಒಂದು ಕಾನೂನಿಗೆ ಸಹಿ ಹಾಕಿದರು. ಹೆಸರು ಅಫೋರ್ಡಬಲ್ ಕೇರ್ ಆ್ಯಕ್ಟ್. ಜನರ ಬಾಯಲ್ಲಿ ಒಬಾಮಾಕೇರ್. ಅದರ ಮುಖ್ಯ ಅಂಶಗಳು ಇವು:

1. ಮೊದಲೇ ಇರುವ ಕಾಯಿಲೆಯ ಕಾರಣಕ್ಕೆ ವಿಮೆ ನಿರಾಕರಿಸುವಂತಿಲ್ಲ, ಹೆಚ್ಚು ಪ್ರೀಮಿಯಂ ಕೇಳುವಂತಿಲ್ಲ.
2. ಮಕ್ಕಳು 26 ವರ್ಷದವರೆಗೆ ತಂದೆ ತಾಯಿಯ ಪಾಲಿಸಿಯಲ್ಲೇ ಇರಬಹುದು.
3. "ನಿಮಗೆ ಇಷ್ಟು ಖರ್ಚು ಮಾಡಿದ್ದೇವೆ, ಇನ್ನು ಜೀವನಪೂರ್ತಿ ಕೊಡುವುದಿಲ್ಲ" ಎಂಬ ಮಿತಿ ಇಲ್ಲ.
4. ಹೆರಿಗೆ, ಮಾನಸಿಕ ಆರೋಗ್ಯ, ಔಷಧಿ ಸೇರಿ ಹತ್ತು ಬಗೆಯ ಸೇವೆಗಳು ವೈಯಕ್ತಿಕ ಪಾಲಿಸಿಗಳಲ್ಲಿ ಇರಲೇಬೇಕು. (ದೊಡ್ಡವರ ಹಲ್ಲಿನ ಚಿಕಿತ್ಸೆ ಈ ಹತ್ತರಲ್ಲಿ ಇಲ್ಲ. ಮಗ ಡಿಸೆಂಬರ್‌ಗೆ ಕಾಯುವುದು ಇದಕ್ಕೇ.)
5. ಆದಾಯ ಕಡಿಮೆ ಇರುವವರಿಗೆ ಪ್ರೀಮಿಯಂ ಕಟ್ಟಲು ಸರ್ಕಾರದ ಸಹಾಯಧನ. ಇನ್ನೂ ಬಡವರಿಗೆ ಮೆಡಿಕೇಡ್ ವಿಸ್ತರಣೆ.
6. ಎಲ್ಲರೂ ವಿಮೆ ಮಾಡಿಸಲೇಬೇಕು. ಇಲ್ಲವಾದರೆ ದಂಡ. 2016ರಲ್ಲಿ ಅದು ದೊಡ್ಡವರಿಗೆ ತಲಾ 695 ಡಾಲರ್ ಅಥವಾ ಆದಾಯದ ಶೇ. 2.5, ಯಾವುದು ಹೆಚ್ಚೋ ಅದು.

ಮೊದಲ ಐದು ಜನರಿಗೆ ಹಿಡಿಸಿದವು. ಆರನೆಯದನ್ನು ಕಂಡರೆ ತುಂಬ ಜನರಿಗೆ ಆಗುತ್ತಿರಲಿಲ್ಲ. ಜಗಳದ ಗಂಟು ಇರುವುದು ಇಲ್ಲೇ.

*ನಿಮ್ಮ ಸೊಸೈಟಿಯ ಲಿಫ್ಟ್ ನೆನಪಿಸಿಕೊಳ್ಳಿ*

ನಿಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿದ್ದೀರಲ್ಲ? ನೆಲಮಹಡಿಯವರು ಏಳುತ್ತಾರೆ: "ನಾವು ಲಿಫ್ಟೇ ಹತ್ತುವುದಿಲ್ಲ, ಅದರ ಖರ್ಚು ನಾವೇಕೆ ಕೊಡಬೇಕು?" ಮಾತು ನ್ಯಾಯವೇ ಅನಿಸುತ್ತದೆ. ಆಮೇಲೆ ಒಂದನೇ ಮಹಡಿಯವರು, "ನಮಗೂ ಮೆಟ್ಟಿಲೇ ಸಾಕು" ಎನ್ನುತ್ತಾರೆ. ಕೊನೆಗೆ ಇಡೀ ಲಿಫ್ಟಿನ ಖರ್ಚು ಏಳನೇ ಮಹಡಿಯಲ್ಲಿರುವ ಮಂಡಿನೋವಿನ ಅಜ್ಜಿಯ ತಲೆಗೆ. ಅವರ ಕೈಯಲ್ಲಿ ಆಗುವುದಿಲ್ಲ. ಲಿಫ್ಟ್ ನಿಲ್ಲುತ್ತದೆ.

ವಿಮೆಯೂ ಹೀಗೆಯೇ. ಆರೋಗ್ಯವಂತರು ಹೊರಗೆ ಉಳಿದು, ಕಾಯಿಲೆ ಬಂದವರು ಮಾತ್ರ ಒಳಗೆ ಬಂದರೆ ಪ್ರೀಮಿಯಂ ಏರುತ್ತದೆ. ಏರಿದಂತೆ ಇನ್ನಷ್ಟು ಆರೋಗ್ಯವಂತರು ಬಿಟ್ಟುಹೋಗುತ್ತಾರೆ. ಮತ್ತೆ ಏರುತ್ತದೆ. "ಕಾಯಿಲೆ ಇದ್ದವರನ್ನೂ ಸೇರಿಸಿಕೊಳ್ಳಿ" ಎಂದು ಕಂಪನಿಗೆ ಹೇಳಿದರೆ, "ಎಲ್ಲರೂ ಸೇರಿ" ಎಂದು ಜನರಿಗೂ ಹೇಳಬೇಕಾಗುತ್ತದೆ. ಸೇರಲು ದುಡ್ಡಿಲ್ಲದವರಿಗೆ ಸಹಾಯವನ್ನೂ ಕೊಡಬೇಕಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಇದೆ. ನೆಲಮಹಡಿಯವರು ಸಾಮಾನ್ಯವಾಗಿ ನೆಲಮಹಡಿಯಲ್ಲೇ ಇರುತ್ತಾರೆ. ಆರೋಗ್ಯದಲ್ಲಿ ಹಾಗಲ್ಲ. ಇವತ್ತು ಗಟ್ಟಿಮುಟ್ಟಾಗಿರುವವನು ನಾಳೆ ಏಳನೇ ಮಹಡಿಗೆ ಹೋಗಬಹುದು.

*ವಿರೋಧಿಸಿದವರ ಮಾತಿನಲ್ಲಿ ಹುರುಳಿರಲಿಲ್ಲವೇ?*

ಇತ್ತು. ಅದನ್ನೂ ಹೇಳಬೇಕು. ಸಹಾಯಧನದ ಮಿತಿಗಿಂತ ಸ್ವಲ್ಪ ಹೆಚ್ಚು ದುಡಿಯುವ ಮಧ್ಯಮ ವರ್ಗದವರಿಗೆ ಪ್ರೀಮಿಯಂ ಭಾರವಾಯಿತು. ಡಿಡಕ್ಟಿಬಲ್, ಅಂದರೆ ವಿಮೆ ಶುರುವಾಗುವ ಮೊದಲು ನಾವೇ ಕೈಯಿಂದ ಕೊಡಬೇಕಾದ ಮೊತ್ತ, ಸಾವಿರಾರು ಡಾಲರ್ ಆಯಿತು. ಕೆಲವು ಊರುಗಳಲ್ಲಿ ಒಂದೇ ಒಂದು ವಿಮಾ ಕಂಪನಿ ಉಳಿಯಿತು. ನಿಮ್ಮ ಹಳೆಯ ಪಾಲಿಸಿ ಇಷ್ಟವಾದರೆ ಅದನ್ನೇ ಇಟ್ಟುಕೊಳ್ಳಬಹುದು ಎಂದು ಒಬಾಮಾ ಮಾತು ಕೊಟ್ಟಿದ್ದರು. 2013ರಲ್ಲಿ ಎಷ್ಟೋ ಜನರ ಹಳೆಯ ಪಾಲಿಸಿ ರದ್ದಾಯಿತು. ಸರ್ಕಾರ ನನ್ನನ್ನು ಒಂದು ವಸ್ತು ಕೊಳ್ಳಲು ಒತ್ತಾಯ ಮಾಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2012ರಲ್ಲಿ 5-4ರ ಬಹುಮತದಲ್ಲಿ ಕೋರ್ಟು ಕಾನೂನನ್ನು ಉಳಿಸಿತು. ಆದರೆ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು.

*2017: ಕಿತ್ತುಹಾಕುವ ವರ್ಷ*

ರಿಪಬ್ಲಿಕನ್ ಪಕ್ಷದ ಘೋಷಣೆ, "ರದ್ದು ಮಾಡಿ, ಬೇರೆಯದು ತನ್ನಿ". ಕೆಳಮನೆಯಲ್ಲಿ ಐವತ್ತಕ್ಕೂ ಹೆಚ್ಚು ಸಲ ಈ ಕಾನೂನಿನ ವಿರುದ್ಧ ಮತ ಹಾಕಿದ್ದರು. ಒಬಾಮಾ ಕುರ್ಚಿಯಲ್ಲಿರುವವರೆಗೆ ಅದು ಬರೀ ಮಾತು. 2017ರಲ್ಲಿ ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾದರು, ಎರಡೂ ಸದನ ಅವರ ಪಕ್ಷದ ಕೈಯಲ್ಲೇ ಇದ್ದವು. ಈಗ ಮಾತು ನಿಜ ಮಾಡಿ ತೋರಿಸಬೇಕಾಯಿತು.

ಮಾರ್ಚ್‌ನಲ್ಲಿ ತಂದ ಮಸೂದೆಗೆ ಸ್ವಂತ ಪಕ್ಷದಲ್ಲೇ ಮತ ಸಾಲದೆ ಹಿಂದೆ ತೆಗೆದುಕೊಂಡರು. ಸ್ವಲ್ಪ ಬದಲಿಸಿ ಮೇ 4ರಂದು ಕೆಳಮನೆಯಲ್ಲಿ 217-213ರಲ್ಲಿ ಪಾಸು ಮಾಡಿದರು. ಅದರಲ್ಲಿ ಏನಿತ್ತು? ದಂಡ ಇಲ್ಲ. ಬದಲಿಗೆ, ನಡುವೆ ವಿಮೆ ಬಿಟ್ಟವರು ಮತ್ತೆ ಸೇರಿದರೆ ಒಂದು ವರ್ಷ ಶೇ. 30 ಹೆಚ್ಚು ಪ್ರೀಮಿಯಂ. ವಯಸ್ಸಾದವರಿಗೆ ಯುವಕರ ಮೂರು ಪಟ್ಟು ಇದ್ದ ಪ್ರೀಮಿಯಂ ಮಿತಿ ಐದು ಪಟ್ಟಿಗೆ. ಮೆಡಿಕೇಡ್ ಹಣಕ್ಕೆ ಕಡಿವಾಣ. ರಾಜ್ಯ ಬಯಸಿದರೆ, ವಿಮೆ ಬಿಟ್ಟುಹೋಗಿದ್ದವರಿಗೆ ಕಾಯಿಲೆ ನೋಡಿ ದರ ಹಾಕಬಹುದು.

ಸಂಸತ್ತಿನದೇ ಲೆಕ್ಕದ ಕಚೇರಿ ಅಂದಾಜು ಕೊಟ್ಟಿತು: ಇದು ಜಾರಿಯಾದರೆ 2026ರ ಹೊತ್ತಿಗೆ ವಿಮೆ ಇಲ್ಲದವರು ಇನ್ನೂ 2.3 ಕೋಟಿ ಹೆಚ್ಚುತ್ತಾರೆ. ಇದನ್ನು ಕೇಳಿ ಜನ ಸಭೆಗಳಲ್ಲಿ ಎದ್ದು ನಿಂತರು. ಕಾಯಿಲೆಯ ಮಕ್ಕಳ ತಾಯಂದಿರು, ಕ್ಯಾನ್ಸರ್ ಗೆದ್ದವರು ತಮ್ಮ ಪ್ರತಿನಿಧಿಗಳನ್ನು ಎದುರಾಎದುರು ಕೇಳಿದರು: "ಇದನ್ನು ತೆಗೆದರೆ ನನ್ನ ಗತಿ ಏನು?"

ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ ಕೊನೆಯ ಮತದಾನ. ರಿಪಬ್ಲಿಕನ್ ಪಕ್ಷದವರೇ ಆದ ಜಾನ್ ಮೆಕೇನ್‌ಗೆ ಆಗಷ್ಟೇ ಮೆದುಳಿನ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಅವರು ಸದನದ ನಡುವೆ ನಿಂತು ಹೆಬ್ಬೆರಳು ಕೆಳಗೆ ಮಾಡಿ "ಬೇಡ" ಎಂದರು. ಅದೇ ಪಕ್ಷದ ಸೂಸನ್ ಕಾಲಿನ್ಸ್, ಲಿಸಾ ಮರ್ಕೌಸ್ಕಿ ಕೂಡ ವಿರುದ್ಧ ಮತ ಹಾಕಿದ್ದರು. 49-51. ಮಸೂದೆ ಬಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಅದೇ ಡಿಸೆಂಬರ್‌ನ ತೆರಿಗೆ ಕಾನೂನು ದಂಡವನ್ನು 2019ರಿಂದ ಸೊನ್ನೆ ಮಾಡಿತು. ಲಿಫ್ಟ್ ನಿಂತೇ ಹೋಗುತ್ತದೆ ಎಂದು ಹಲವರು ಹೆದರಿದ್ದರು. ನಿಲ್ಲಲಿಲ್ಲ. ಸಹಾಯಧನ ಇದ್ದುದರಿಂದ ಬಹಳ ಜನ ಒಳಗೇ ಉಳಿದರು. 2021ರಲ್ಲಿ ಸುಪ್ರೀಂ ಕೋರ್ಟು 7-2ರಲ್ಲಿ ಮತ್ತೊಂದು ದಾವೆಯನ್ನು ತಳ್ಳಿಹಾಕಿತು. ಅದೇ ವರ್ಷ ಸಹಾಯಧನ ಹೆಚ್ಚಿಸಿದರು. ಆ ಹೆಚ್ಚುವರಿ ಸಹಾಯ 2025ರ ಕೊನೆಯವರೆಗೆ ಮಾತ್ರ ಎಂದಿದ್ದರಿಂದ, ಅದನ್ನು ಮುಂದುವರಿಸುವ ಜಗಳದಲ್ಲಿ ಆ ವರ್ಷ ಅಮೆರಿಕದ ಸರ್ಕಾರಿ ಕಚೇರಿಗಳು 43 ದಿನ ಬಾಗಿಲು ಹಾಕಿದ್ದವು.

*ನಮ್ಮಲ್ಲೂ ಹೀಗಾಗಿದೆ*

ಊರಿನಲ್ಲಿ ಜಮೀನು ಇರುವವರಿಗೆ ಯಶಸ್ವಿನಿ ನೆನಪಿರುತ್ತದೆ. ಸಹಕಾರ ಸಂಘದ ಸದಸ್ಯರಾದ ರೈತರಿಗೆ ಸಣ್ಣ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆ ಕೊಡುವ ಯೋಜನೆ, 2003ರಲ್ಲಿ ಶುರುವಾಗಿದ್ದು. 2018ರಲ್ಲಿ ಅದನ್ನು ನಿಲ್ಲಿಸಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಹಳೆಯದೇ ಬೇಕು ಎಂದು ಸಹಕಾರಿಗಳು ಕೇಳುತ್ತಲೇ ಇದ್ದರು. 2022-23ರಲ್ಲಿ ಯಶಸ್ವಿನಿ ಮತ್ತೆ ಬಂತು. ಒಮ್ಮೆ ಕೈಗೆ ಬಂದ ರಕ್ಷಣೆ ಹೋದರೆ ಜನ ಸುಮ್ಮನಿರುವುದಿಲ್ಲ, ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

*ಈಗ ನಿಮ್ಮ ಮನೆಯ ವಿಷಯ*

ಊರು ಬಿಟ್ಟು ಬಂದ ನಮಗೆ ಕೆಲಸ, ವಿಳಾಸ ಎರಡೂ ಬದಲಾಗುತ್ತಿರುತ್ತವೆ. ವಿಮೆ ತಪ್ಪಿಹೋಗುವುದು ಈ ಬದಲಾವಣೆಯ ನಡುವೆಯೇ. ಇವನ್ನು ನೋಡಿಕೊಳ್ಳಿ:

▪️ ನಮ್ಮಲ್ಲಿ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇದೆ. 2024ರಿಂದ ಅದು ಹೆಚ್ಚೆಂದರೆ 3 ವರ್ಷ, ಮೊದಲು 4 ಇತ್ತು. ಪಾಲಿಸಿ ಬಿಟ್ಟು ಹೊಸದು ಮಾಡಿಸಿದರೆ ಲೆಕ್ಕ ಮತ್ತೆ ಒಂದರಿಂದ ಶುರು. ಆದ್ದರಿಂದ ನವೀಕರಣದ ತಾರೀಖು ತಪ್ಪಿಸಬೇಡಿ.

▪️ ಕಂಪನಿ ಬದಲಿಸಬೇಕೆಂದರೆ ಬಿಡಬೇಡಿ, ಪೋರ್ಟ್ ಮಾಡಿಸಿ. ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಕೊಡಿ. ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

▪️ ಬಿ.ಪಿ., ಶುಗರ್ ಮುಚ್ಚಿಡಬೇಡಿ. ಏಜೆಂಟ್ "ಬರೆಯೋದು ಬೇಡ" ಅಂದರೂ ಬರೆಯಿರಿ. ಕ್ಲೇಮ್ ಬಂದಾಗ ಏಜೆಂಟ್ ಇರುವುದಿಲ್ಲ, ನೀವಿರುತ್ತೀರಿ. ಸತತ 5 ವರ್ಷ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ಹೇಳಲಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ.

▪️ ಆಫೀಸಿನ ವಿಮೆ ಒಂದನ್ನೇ ನಂಬಬೇಡಿ. ಕೆಲಸದ ಜೊತೆ ಅದೂ ಹೋಗುತ್ತದೆ. ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಬಗ್ಗೆ ಕೇಳಿ.

▪️ ಮನೆಯಲ್ಲಿ 70 ದಾಟಿದವರಿದ್ದಾರೆಯೇ? 2024ರ ಅಕ್ಟೋಬರ್‌ನಿಂದ ಆದಾಯ ಎಷ್ಟೇ ಇದ್ದರೂ ಅವರಿಗೆ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆಧಾರ್ ಬೇಕು. ವಿಚಾರಿಸಲು 14555. ರಾಜ್ಯದ್ದೇ ಆದ ಯೋಜನೆಗಳು ಸಾಮಾನ್ಯವಾಗಿ ರಾಜ್ಯದ ಗಡಿ ದಾಟುವುದಿಲ್ಲ. ಅಪ್ಪ ಅಮ್ಮ ಧಾರವಾಡದಿಂದ ನಿಮ್ಮ ಪುಣೆ ಮನೆಗೆ ಬರುವ ಮೊದಲೇ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಕೇಳಿಟ್ಟುಕೊಳ್ಳಿ.

▪️ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಾ? ನೀವು ಕೊಳ್ಳುವ ವಿಸಿಟರ್ ಇನ್ಶೂರೆನ್ಸ್‌ಗೆ ಮೇಲಿನ ಕಾನೂನಿನ ರಕ್ಷಣೆ ಇಲ್ಲ. ಹಳೆಯ ಕಾಯಿಲೆಗೆ ಅದು ಸಾಮಾನ್ಯವಾಗಿ ಕೊಡುವುದಿಲ್ಲ. ಷರತ್ತು ಓದಿ, ನಿಮ್ಮ ಮಾತ್ರೆಗಳನ್ನು ಚೀಟಿಯ ಸಮೇತ ಒಯ್ಯಿರಿ.

▪️ ಅಲ್ಲಿರುವ ಮಕ್ಕಳ ಕೆಲಸ ಹೋದರೆ, ಹೊಸ ಪಾಲಿಸಿ ಆರಿಸಿಕೊಳ್ಳಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಆ ದಿನಗಳಲ್ಲಿ ಅವರ ತಲೆ ಎಲ್ಲೋ ಇರುತ್ತದೆ. ನೀವು ನೆನಪಿಸಿ.

*ಕೊನೆಯ ಮಾತು*

ಯಾವ ಪಕ್ಷದವರೇ ಆಗಲಿ, ಯಾವ ದೇಶದಲ್ಲೇ ಆಗಲಿ, "ಈ ಯೋಜನೆ ತೆಗೆದು ಇನ್ನೂ ಒಳ್ಳೆಯದು ತರುತ್ತೇವೆ" ಎಂದರೆ ಚಪ್ಪಾಳೆಗೆ ಮೊದಲು ಮೂರು ಪ್ರಶ್ನೆ ಕೇಳಿ. ಹೊಸದು ಸಿದ್ಧವಾಗಿದೆಯೇ? ಈಗಾಗಲೇ ಕಾಯಿಲೆ ಇರುವವರು ಅದರಲ್ಲಿ ಇದ್ದಾರೆಯೇ? ಹಳೆಯದು ನಿಂತು ಹೊಸದು ಶುರುವಾಗುವ ನಡುವಿನ ದಿನಗಳಲ್ಲಿ ಆಸ್ಪತ್ರೆಗೆ ಹೋದವರ ಬಿಲ್ಲು ಯಾರು ಕಟ್ಟುತ್ತಾರೆ?

ಇವತ್ತು ಇನ್ನೊಂದು ಕೆಲಸ ಮಾಡಿ. ಬೀರುವಿನಿಂದ ಪಾಲಿಸಿ ಪತ್ರ ತೆಗೆದು ನವೀಕರಣದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಪತ್ರ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿ.

ಇದು ಸಾಮಾನ್ಯ ಮಾಹಿತಿ. ನಿಮ್ಮ ಪಾಲಿಸಿಯ ಷರತ್ತು ನಿಮ್ಮ ಪತ್ರದಲ್ಲೇ ಇರುತ್ತದೆ. ಉಪಯೋಗ ಅನಿಸಿದರೆ ನಿಮ್ಮ ಕನ್ನಡ ಸಂಘದ ಗುಂಪಿಗೂ, ಅಮೆರಿಕದಲ್ಲಿರುವ ಮಕ್ಕಳಿಗೂ ಕಳುಹಿಸಿ. 🙏