ಸಂಕ್ರಾಂತಿಯ ಕಿಚ್ಚು

ಸಂಕ್ರಾಂತಿಯ ಸಂಜೆ ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಹೊರಟರೆ, ಹಳ್ಳಿಯ ದಾರಿಯಲ್ಲಿ ಹುಲ್ಲಿನ ಬೆಂಕಿ ಉರಿಯುವುದನ್ನು ನೀವು ಕಂಡಿರಬಹುದು. ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದ ದನಗಳು ಆ ಬೆಂಕಿಯನ್ನು ಹಾರಿ ಓಡುತ್ತವೆ. ಇದನ್ನೇ ಕಿಚ್ಚು ಹಾಯಿಸುವುದು ಎನ್ನುತ್ತೇವೆ. ಮೈಮೇಲಿನ ಉಣ್ಣಿ ಉದುರಿ ದನ ಆರೋಗ್ಯವಾಗಿರುತ್ತದೆಂಬುದು ಹಿರಿಯರ ನಂಬಿಕೆ.

ಈ ಹಬ್ಬದ ಮೂಲ ಆಕಾಶದಲ್ಲಿದೆ. ಅಂದು ಸೂರ್ಯನು ಮಕರರಾಶಿಯನ್ನು ಪ್ರವೇಶಿಸುತ್ತಾನೆ, ಉತ್ತರಾಯಣ ಆರಂಭವಾಗುತ್ತದೆ ಎಂದು ಪಂಚಾಂಗ ಹೇಳುತ್ತದೆ. ಆದರೆ ನಿಮ್ಮ ಅಂಗಳದಲ್ಲಿ ಒಂದು ಕೋಲು ನೆಟ್ಟು ದಿನವೂ ಮಧ್ಯಾಹ್ನದ ನೆರಳನ್ನು ಅಳೆದು ನೋಡಿ. ಡಿಸೆಂಬರ್ 21 ಅಥವಾ 22ರಂದೇ ಅದು ಅತ್ಯಂತ ಉದ್ದವಾಗಿ, ಅನಂತರ ಕುಗ್ಗತೊಡಗುತ್ತದೆ. ಸೂರ್ಯ ಆಗಲೇ ಉತ್ತರಕ್ಕೆ ತಿರುಗಿದ್ದಾನೆ. ಹಾಗಾದರೆ ಹಬ್ಬವೇಕೆ ಜನವರಿ 14 ಅಥವಾ 15ರಂದು?

ಪಂಚಾಂಗ ತಪ್ಪಿಲ್ಲ, ಅದರ ಲೆಕ್ಕ ಬೇರೆ. ಅದು ನಕ್ಷತ್ರಗಳನ್ನು ಹಿಡಿದು ವರ್ಷವನ್ನು ಎಣಿಸುತ್ತದೆ. ಋತುಗಳು ಸೂರ್ಯನ ತಿರುವನ್ನು ಹಿಡಿದು ನಡೆಯುತ್ತವೆ. ಬುಗುರಿ ತಲೆದೂಗುವಂತೆ ಭೂಮಿಯ ಅಕ್ಷವೂ ಅತಿ ನಿಧಾನವಾಗಿ ತೂಗಾಡುವುದರಿಂದ, ನಕ್ಷತ್ರದ ವರ್ಷವು ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಹೆಚ್ಚು. ಸುಮಾರು 70 ವರ್ಷಗಳಲ್ಲಿ ಇದು ಒಂದು ದಿನವಾಗುತ್ತದೆ. ಹೀಗೆ ಹಿಂದಕ್ಕೆ ಎಣಿಸಿದರೆ, ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬಂದಿದ್ದವೆಂದು ತಿಳಿಯುತ್ತದೆ. ನಾವು ಎಳ್ಳು ಬೀರುವ ದಿನವು ಅಂದಿನ ಆಕಾಶದ ನೆನಪು.

ನಡುಚಳಿಗಾಲದಲ್ಲಿ ಹೀಗೆ ಕೂಡಿ ಉಣ್ಣುವ ಜನ ದೂರದ ಐಸ್‌ಲೆಂಡಿನಲ್ಲಿಯೂ ಇದ್ದಾರೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ನಾಲ್ಕು ಗಂಟೆಯಷ್ಟೇ ಇರುವುದುಂಟು. ಜನವರಿಯ ಕಡೆಯ ಭಾಗದಲ್ಲಿ, ಥೋರಿ ಎಂಬ ಅವರ ಹಳೆಯ ತಿಂಗಳು ಆರಂಭವಾದಾಗ, ‘ಥೋರಾಬ್ಲೋಟ್’ ಎಂಬ ಹಬ್ಬ ನಡೆಯುತ್ತದೆ. ಬ್ಲೋಟ್ ಎಂದರೆ ಪ್ರಾಚೀನ ನಾರ್ಸ್ ಜನರ ಬಲಿಪೂಜೆ. ಸುಮಾರು ಕ್ರಿ.ಶ. 1000ದಲ್ಲಿ ದೇಶ ಕ್ರೈಸ್ತಮತವನ್ನು ಒಪ್ಪಿದ ಮೇಲೆ ಬಲಿ ಹೋಯಿತು. 1873ರಲ್ಲಿ ಕೋಪನ್‌ಹೇಗನ್ನಿನಲ್ಲಿದ್ದ ಐಸ್‌ಲೆಂಡಿನ ವಿದ್ಯಾರ್ಥಿಗಳು ಅದನ್ನು ಭೋಜನಕೂಟವಾಗಿ ಮತ್ತೆ ಎಬ್ಬಿಸಿದರು. ಹಾಲೊಡಕಿನಲ್ಲಿ ಹುಳಿಹಾಕಿ ಕಾಪಿಟ್ಟ ಮಾಂಸವೇ ಅವರ ಹಬ್ಬದೂಟ. ನಮ್ಮದೋ ಹೊಸ ಸುಗ್ಗಿಯ ಊಟ: ಕಬ್ಬು, ಅವರೆಕಾಯಿ, ಎಳ್ಳು, ಬೆಲ್ಲ, ಕಡಲೆಕಾಯಿ, ಕೊಬ್ಬರಿ.

ಬಿಟ್ಟುಹೋದ ಹಬ್ಬವನ್ನು ಅವರು ನೆನೆದು ಕಟ್ಟಿಕೊಂಡರು. ನಮ್ಮದು ಇನ್ನೂ ಬಿಟ್ಟುಹೋಗಿಲ್ಲ. ಆದರೆ ಅದರ ಒಂದು ಅಂಗ ಕ್ಷೀಣಿಸುತ್ತಿದೆ. 2007ರಲ್ಲಿ ಯಲಹಂಕ ಮಹಾನಗರದೊಳಗೆ ಸೇರಿತು. ಹೊಲಗಳಿದ್ದ ಕಡೆ ಬಡಾವಣೆಗಳೆದ್ದಿವೆ. ಕೊಟ್ಟಿಗೆಯಿಲ್ಲದ ಬೀದಿಯಲ್ಲಿ ಕಿಚ್ಚಿಗೆ ಹಾಯುವವರಾರು? ಹೆಬ್ಬಾಳ, ಆರ್.ಟಿ. ನಗರಗಳ ಮಕ್ಕಳು ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಲು ಬಲ್ಲರು. ಕಿಚ್ಚು ಎಂದರೇನೆಂದು ಕೇಳಿದರೆ ಬಾಯಿ ಬಿಡುವರು.

ಬರುವ ಸಂಕ್ರಾಂತಿಯ ಸಂಜೆ, ಕಿಚ್ಚು ಹಾಯಿಸುವ ಹಳ್ಳಿ ಎಲ್ಲಿದೆಯೆಂದು ವಿಚಾರಿಸಿ, ಮನೆಯ ಮಕ್ಕಳನ್ನು ಕರೆದೊಯ್ಯಿರಿ. ದೂರ ನಿಂತು ನೋಡಲಿ. ಮರುದಿನ ಅಂಗಳದ ಕೋಲಿನ ನೆರಳನ್ನೂ ಅವರೇ ಅಳೆಯಲಿ.